ಜುಬೇದಾಳ ಕೈ ಊದಿದ ವರ್ಷ

ಹೋದ ವಾರ ಓಲೆಯ ತಿರುಪು ಸಡಿಲವಾಗಿದೆಯೆಂದು ಗಾಂಧಿ ಬಜಾರಿನ ಅಕ್ಕಸಾಲಿಗರ ಅಂಗಡಿಗೆ ಹೋಗಿದ್ದೆ. ಈಗೆಲ್ಲ ಗ್ಯಾಸಿನ ಉರಿ. ಅವತ್ತು ಅವರ ಸಿಲಿಂಡರು ಮುಗಿದಿತ್ತೋ ಏನೋ, ಮೂಲೆಯಿಂದ ಹಳೆಯ ಸ್ಪಿರಿಟ್ ದೀಪವೊಂದನ್ನು ತೆಗೆದು ಧೂಳು ಒರೆಸಿ ಹೊತ್ತಿಸಿದರು. ನೀಲಿ ಉರಿ ಎದ್ದಿತು. ಅದರ ಜೊತೆಗೇ ಆ ವಾಸನೆ, ಮೂಗಿಗೆ ತಣ್ಣಗೆ, ಗಂಟಲಿಗೆ ತುಸು ಸಿಹಿ. "ವಾಸನೆ ಆಗಲ್ಲ ಅಂದ್ರೆ ಆಚೆ ಬೆಂಚಿನ ಮೇಲೆ ಕೂತ್ಕೊಳ್ಳಿ ಅಮ್ಮ" ಅಂದರು. ನಾನು ಕದಲಲಿಲ್ಲ. ಓಲೆ ಸರಿಯಾಗಿ ಕೈಗೆ ಬಂದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ. ಭದ್ರಾವತಿಯ ಓಲ್ಡ್ ಟೌನಿನ ಒಂದು ಓಣಿ, ಕಬ್ಬಿಣದ ಕಾರ್ಖಾನೆಯ ಕಡೆಯಿಂದ ಬೀಸುತ್ತಿದ್ದ ಸುಟ್ಟ ಸೌದೆಯ ಘಾಟು, ಸಾಲಾಗಿ ಚಾಚಿದ ಎಳೆಯ ಕೈಗಳು, ಎಲ್ಲ ಒಟ್ಟಿಗೇ ನೆನಪಾದವು.

ಐವತ್ತರ ದಶಕದ ಕೊನೆಯ ವರ್ಷಗಳು ಅವು. ನಾನು ಹೆಲ್ತ್ ವಿಸಿಟರ್ ತರಬೇತಿ ಮುಗಿಸಿ, ಶಿವಮೊಗ್ಗದಲ್ಲಿ ಕ್ಷಯಕ್ಕೆ ಲಸಿಕೆ ಹಾಕುವ ತಂಡಕ್ಕೆ ಸೇರಿದ್ದೆ. ತಂಡ ಅಂದರೆ ದೊಡ್ಡದೇನಲ್ಲ. ಡಾಕ್ಟರ್ ಸದಾಶಿವಯ್ಯನವರು, ಜೀಪು ಓಡಿಸುವ ಖಾದರಣ್ಣ ಮತ್ತು ನಾನು. ಬೆಳಗ್ಗೆ ಶಿವಮೊಗ್ಗ ಬಿಟ್ಟು, ಮಾಚೇನಹಳ್ಳಿಯ ಕುರುಚಲು ಬಯಲು ದಾಟಿ ಭದ್ರಾವತಿ ಮುಟ್ಟುವ ಹೊತ್ತಿಗೆ ನನ್ನ ಬಿಳಿ ಸೀರೆ ಕೆಂಪು ಧೂಳಿನಿಂದ ಬೇರೆಯದೇ ಬಣ್ಣಕ್ಕೆ ತಿರುಗಿರುತ್ತಿತ್ತು. "ಸಿಸ್ಟರಮ್ಮ, ನಾಳೆಯಿಂದ ಕೆಂಪು ಸೀರೆನೇ ಉಟ್ಕೊಂಡ್ ಬನ್ನಿ, ತೊಳೆಯೋ ಕಷ್ಟ ತಪ್ಪುತ್ತೆ" ಎಂದು ಖಾದರಣ್ಣ ದಿನಾ ನಗುತ್ತಿದ್ದರು.

ನಮ್ಮ ಕೆಲಸ ಹೇಳಲು ಸುಲಭ. ಮೊದಲ ದಿನ ಮುಂಗೈಯ ಚರ್ಮದೊಳಕ್ಕೆ ಒಂದು ತೊಟ್ಟು ಪರೀಕ್ಷೆಯ ಔಷಧಿ ಹಾಕುವುದು. ಕ್ಷಯದ ಕ್ರಿಮಿಯಿಂದಲೇ ತೆಗೆದ ಸಾರ ಅದು, ಜೀವ ಇಲ್ಲದ್ದು. ಮೂರನೆಯ ದಿನ ಮತ್ತೆ ಹೋಗಿ ಕೈ ನೋಡುವುದು. ಚುಚ್ಚಿದ ಜಾಗ ಮೆತ್ತಗೇ ಇದ್ದರೆ ಆ ಮೈ ಕ್ಷಯದ ಕ್ರಿಮಿಯನ್ನು ಇನ್ನೂ ಕಂಡಿಲ್ಲ ಎಂದು ಅರ್ಥ. ಅಂಥವರಿಗೆ ತೋಳಿಗೆ ಲಸಿಕೆ. ಗಟ್ಟಿಯಾಗಿ ಊದಿದ್ದರೆ ಆ ಮೈಗೆ ಕ್ರಿಮಿಯ ಪರಿಚಯ ಆಗಲೇ ಆಗಿದೆ, ಲಸಿಕೆ ಬೇಡ. ಒಬ್ಬರಿಂದ ಇನ್ನೊಬ್ಬರಿಗೆ ಹೋಗುವ ಮೊದಲು ಸೂಜಿಯನ್ನು ಸ್ಪಿರಿಟ್ ದೀಪದ ಉರಿಯಲ್ಲಿ ಕೆಂಪಗೆ ಕಾಯಿಸಿ ಆರಿಸಬೇಕಿತ್ತು. ದಿನವಿಡೀ ಆ ದೀಪ ನನ್ನ ಬಲಗಡೆ ಉರಿಯುತ್ತಿತ್ತು.

ಡಾಕ್ಟರರಿಗೆ ಇಷ್ಟೇ ಸಾಕಾಗುತ್ತಿರಲಿಲ್ಲ. ಊದುವ ಕೈ ಯಾಕೆ ಊದುತ್ತದೆ, ಎಂದೋ ಕಂಡ ಕ್ರಿಮಿಯನ್ನು ಮೈ ಯಾವುದರಿಂದ ಗುರುತು ಹಿಡಿಯುತ್ತದೆ ಎಂಬುದು ಅವರ ತಲೆಯನ್ನು ಕೊರೆಯುತ್ತಿತ್ತು. ನಮ್ಮ ಆಫೀಸಿನ ಹಿಂದಿನ ಜಗಲಿಯಲ್ಲಿ ಅವರದೊಂದು ಮೈಕ್ರೋಸ್ಕೋಪ್ ಇತ್ತು. ಸಂಜೆ ಊರಿಂದ ಬಂದು ಕಾಫಿ ಕುಡಿದು ಅದರ ಮುಂದೆ ಕೂತುಬಿಡುತ್ತಿದ್ದರು. ಒಂದು ದಿನ ನನ್ನ ಬೆರಳಿನದೇ ಒಂದು ಹನಿ ರಕ್ತಕ್ಕೆ ಬಣ್ಣ ಹಾಕಿ ತೋರಿಸಿದರು.

"ನೋಡಮ್ಮ ಗಿರಿಜಾ, ಈ ಚಿಕ್ಕ ದುಂಡನೆ ಬಿಳಿ ಕಣ ಇದೆಯಲ್ಲ, ಹೊಟ್ಟೆ ತುಂಬಾ ಕಡು ನೀಲಿ? ಇದಕ್ಕೆ ಏನು ಕೆಲಸ ಅಂತ ನಾನು ಓದಿದ ಯಾವ ಪುಸ್ತಕದಲ್ಲೂ ನೆಟ್ಟಗೆ ಬರೆದಿಲ್ಲ. ನಮ್ಮ ಮೇಷ್ಟ್ರು ಇದನ್ನ ಸೋಮಾರಿ ಅಂತಿದ್ರು."

"ನಿಮಗೇನನ್ನಿಸುತ್ತೆ ಸಾರ್?"

"ಸೋಮಾರಿ ಇಷ್ಟೊಂದು ಸಂಖ್ಯೆಯಲ್ಲಿ ಯಾಕಿರ್ತಾನೆ?" ಎಂದು ನಕ್ಕರು. ಹಡಗಿನಲ್ಲಿ ಬಂದು ಅವರ ಕೈ ಸೇರುವಷ್ಟರಲ್ಲಿ ಹಳತಾಗಿರುತ್ತಿದ್ದ ವೈದ್ಯಕೀಯ ಪತ್ರಿಕೆಗಳಲ್ಲಿ ಅವರು ಒಂದು ಸಂಗತಿ ಓದಿದ್ದರು. ಪರೀಕ್ಷೆಗೆ ಊದುವ ಗಿನಿ ಇಲಿಯ ರಕ್ತದ ತಿಳಿನೀರನ್ನು ಇನ್ನೊಂದು ಇಲಿಗೆ ಕೊಟ್ಟರೆ ಏನೂ ಆಗುವುದಿಲ್ಲ. ಬಿಳಿ ಕಣಗಳನ್ನು ಕೊಟ್ಟರೆ ಮಾತ್ರ ಅದೂ ಊದಲು ಶುರು ಮಾಡುತ್ತದೆ. "ಹಾಗಾದರೆ ಗುರುತು ಇಟ್ಟುಕೊಂಡಿರೋದು ಕಣಗಳೇ. ಯಾವ ಕಣ ಅಂತ ಇನ್ನೂ ಯಾರೂ ಖಚಿತವಾಗಿ ಹೇಳಿಲ್ಲ" ಅನ್ನುವಾಗ ಅವರ ಮುಖ ಚಿಕ್ಕ ಹುಡುಗನ ಮುಖದಂತೆ ಆಗುತ್ತಿತ್ತು.

ಮಳೆ ಹಿಂದೆ ಸರಿದು ದಸರೆ ಕಳೆದ ಮೇಲೆ ನಾವು ಓಲ್ಡ್ ಟೌನಿಗೆ ಬಂದೆವು. ಕಾರ್ಖಾನೆಯ ಕ್ವಾರ್ಟರ್ಸುಗಳಲ್ಲಿ ಜನ ಸುಲಭವಾಗಿ ಕೈ ಕೊಟ್ಟಿದ್ದರು. ಅಲ್ಲಿನ ತಮಿಳು ಹೆಂಗಸರು ಪಕ್ಕದ ಮನೆಯ ಮಕ್ಕಳನ್ನೂ ಎಳೆದುಕೊಂಡು ಬರುತ್ತಿದ್ದರು. ಓಲ್ಡ್ ಟೌನಿನಲ್ಲಿ ಹಾಗಾಗಲಿಲ್ಲ. ಬಾಗಿಲು ಅರ್ಧ ತೆರೆದು, "ಗಂಡಸರು ಮನೇಲಿಲ್ಲ, ನಾಳೆ ಬನ್ನಿ" ಅಂದು ಮುಚ್ಚುತ್ತಿದ್ದರು. ಅದು ಖಾದರಣ್ಣನ ಸ್ವಂತ ಮೊಹಲ್ಲಾ. ಅವರಿಗೆ ನಾಚಿಕೆಯಾಯಿತು. ಶುಕ್ರವಾರದ ನಮಾಜ್ ಮುಗಿಸಿ ಹೊರಗೆ ಬಂದವರನ್ನು ನಿಲ್ಲಿಸಿಕೊಂಡು, "ಮೊದಲು ನಮ್ಮನೆಯವರ ಕೈಗೇ ಹಾಕ್ತಾರೆ. ಅದನ್ನ ನೋಡಿಕೊಂಡು ನೀವು ಬನ್ನಿ" ಎಂದು ಹೇಳಿದರು.

ಅವರ ಮನೆಯಲ್ಲಿದ್ದವರು ತಾಯಿ, ಹೆಂಡತಿ, ಎಳೆಗೂಸು ಮಗ, ಮತ್ತೆ ಜುಬೇದಾ. ಜುಬೇದಾ ಅವರ ಅಣ್ಣನ ಮಗಳು. ಅಣ್ಣ ಅತ್ತಿಗೆ ತೀರಿಕೊಂಡ ಮೇಲೆ ಈ ಮನೆಯಲ್ಲೇ, ಅಜ್ಜಿಯ ಮಗ್ಗುಲಲ್ಲೇ ಮಲಗಿ ಬೆಳೆದವಳು. ಹದಿನೆಂಟು ತುಂಬಿತ್ತು. ಶಿವಮೊಗ್ಗದಲ್ಲಿ ಬಳೆ ಅಂಗಡಿ ಇಟ್ಟಿದ್ದ ಅಮೀನಾಬಿಯವರ ಮಗನಿಗೆ ಅವಳನ್ನು ಗೊತ್ತು ಮಾಡಿದ್ದರು. ನಾನು ಕೈ ಹಿಡಿದಾಗ ಅವಳು ಕಣ್ಣು ಮುಚ್ಚಲಿಲ್ಲ. ಸೂಜಿಯ ಕಡೆಗೇ ನೋಡುತ್ತಾ, "ಕೆಂಪಗೆ ಕಾಯಿಸಿದ ಸೂಜಿ ಸುಡಲ್ವಾ?" ಅಂದಳು. "ಆರಿಸಿದ್ದೀನಿ ಮಾರಾಯ್ತಿ" ಅಂದೆ. ಇಬ್ಬರೂ ನಕ್ಕೆವು. ಅವಳ ಕೈಯ ಜೊತೆ ಇಡೀ ಓಣಿ ಕೈ ಚಾಚಿತು.

ಮೂರನೆಯ ದಿನ ಹೋದಾಗ ಓಣಿಯ ತುದಿಯಲ್ಲೇ ಏನೋ ಆಗಿದೆ ಎಂದು ಗೊತ್ತಾಯಿತು. ನಮ್ಮನ್ನು ಕಂಡವರು ಮುಖ ತಿರುಗಿಸಿ ಒಳಗೆ ಹೋದರು. ಖಾದರಣ್ಣನ ಹೆಂಡತಿ ನಮ್ಮನ್ನು ಒಳಗೆ ಕರೆದು ಪರದೆ ಸರಿಸಿದರು. ಜುಬೇದಾಳ ಮುಂಗೈ ಮಣಿಕಟ್ಟಿನಿಂದ ಮೇಲೆ ಕೆಂಪಾಗಿ, ಗಟ್ಟಿಯಾಗಿ ಊದಿತ್ತು. ನಡುವೆ ನೀರು ತುಂಬಿದ ಗುಳ್ಳೆ. ಅಷ್ಟು ದೊಡ್ಡ ಊತವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಮಗುವಿನ ಕೈ ಮಾತ್ರ ಏನೂ ಆಗದೆ ಮೆತ್ತಗಿತ್ತು. ಅದಕ್ಕೆ ಅಲ್ಲೇ ಲಸಿಕೆ ಹಾಕಿದೆ.

"ಸೂಜಿಯಿಂದಲೇ ಕ್ಷಯ ಹತ್ತಿಸಿದ್ರು" ಎಂಬ ಮಾತು ಅಷ್ಟರಲ್ಲೇ ಹೊಳೆಯ ಮೆಟ್ಟಿಲಿನವರೆಗೂ ಹೋಗಿ ಮುಟ್ಟಿತ್ತು. ಉಳಿದ ಮನೆಗಳವರು ಕೈ ತೋರಿಸಲು ಬರಲಿಲ್ಲ. ವಾಪಸು ಬರುವಾಗ ಖಾದರಣ್ಣ ಮಾಚೇನಹಳ್ಳಿಯ ಹತ್ತಿರ ಗಾಡಿಯನ್ನು ಬದಿಗೆ ನಿಲ್ಲಿಸಿ, ಸ್ಟಿಯರಿಂಗ್ ಹಿಡಿದುಕೊಂಡೇ ಕೇಳಿದರು.

"ಡಾಕ್ಟರ್ ಸಾಬ್, ಸಿಸ್ಟರಮ್ಮ, ನಿಜ ಹೇಳಿ. ನಾವೇ ನನ್ನ ಹುಡುಗಿಗೆ ರೋಗ ಹಾಕಿದ್ವಾ?"

ಡಾಕ್ಟರು ಇಳಿದು ಮುಂದೆ ಹೋಗಿ ಅವರ ಪಕ್ಕದಲ್ಲಿ ಕೂತರು. "ಇಲ್ಲ ಖಾದರ್. ಆ ಔಷಧಿಗೆ ರೋಗ ತರೋ ಶಕ್ತಿ ಇಲ್ಲ. ಅವಳ ಮೈ ಆ ಕ್ರಿಮಿಯನ್ನ ಮೊದಲೇ ಕಂಡಿದೆ, ಚೆನ್ನಾಗೇ ಕಂಡಿದೆ. ಅದಕ್ಕೇ ಆ ಪಾಟಿ ಊದಿದ್ದು. ಆದರೆ ಹೊರಗೇ ಹೋಗದ ಹುಡುಗಿಗೆ ಅದು ಎಲ್ಲಿಂದ ಬಂತು? ನಿಮ್ಮನೇಲಿ ಯಾರು ಕೆಮ್ತಾರೆ?"

ಕೆಮ್ಮುತ್ತಿದ್ದವರು ಖಾದರಣ್ಣನ ತಾಯಿ. ಎಲ್ಲರೂ ಅವರನ್ನು ದಾದಿ, ಅಂದರೆ ಅಜ್ಜಿ, ಅನ್ನುತ್ತಿದ್ದರು. ವರ್ಷಗಳಿಂದ ಅದು ದಮ್ಮು, ಚಳಿಗೆ ಜಾಸ್ತಿ ಆಗುತ್ತೆ, ಬಿಸಿನೀರು ಕುಡಿದರೆ ಹೋಗುತ್ತೆ ಎಂದು ಮನೆಯವರೆಲ್ಲ ನಂಬಿದ್ದರು. ಮಾರನೆಯ ದಿನವೇ ಜುಬೇದಾ ಮತ್ತು ದಾದಿಯನ್ನು ಶಿವಮೊಗ್ಗಕ್ಕೆ ಕರೆತಂದು ಎದೆಯ ಎಕ್ಸ್-ರೇ ತೆಗೆಸಿದೆವು. ಜುಬೇದಾಳ ಎದೆ ಶುದ್ಧವಾಗಿತ್ತು. ದಾದಿಯ ಕಫವನ್ನು ಗಾಜಿನ ಮೇಲೆ ಸವರಿ ಬಣ್ಣ ಹಾಕಿ ನೋಡಿದ ಡಾಕ್ಟರು ತಾವು ಎದ್ದು ನನ್ನನ್ನು ಕೂರಿಸಿದರು. ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳು, ಒಂದೆರಡಲ್ಲ, ಬೇಕಾದಷ್ಟು.

ದಾದಿ ಅತ್ತಿದ್ದು ತಮಗಾಗಿ ಅಲ್ಲ. "ಪಕ್ಕದಲ್ಲಿ ಮಲಗಿಸ್ಕೊಂಡು ನಾನೇ ಅವಳಿಗೆ ಕೊಟ್ನಲ್ಲ" ಎಂದು ಜುಬೇದಾಳ ಊದಿದ ಕೈ ಹಿಡಿಯಲು ಹೋಗಿ, ಹಿಡಿಯದೆ ಹಿಂದೆ ತೆಗೆದುಕೊಂಡರು. ಡಾಕ್ಟರು ಅವರ ಮುಂದೆ ಸ್ಟೂಲು ಎಳೆದುಕೊಂಡು ಕೂತು ನಿಧಾನವಾಗಿ ಹೇಳಿದರು. "ಅಮ್ಮ, ನೀವು ಕೊಟ್ಟಿದ್ದನ್ನ ಅವಳ ಮೈ ಹಿಡಿದು ಕಟ್ಟಿಹಾಕಿದೆ. ನಿಮಗೆ ಮಾತ್ರೆ ಇದೆ, ಇಂಜೆಕ್ಷನ್ ಇದೆ. ಸ್ಯಾನಟೋರಿಯಂಗೆ ಹೋಗಬೇಕಾಗಿಲ್ಲ. ಮನೆಯಲ್ಲೇ ಇದ್ದು ಔಷಧಿ ತಗೊಂಡರೂ ಅಷ್ಟೇ ಗುಣ ಆಗುತ್ತೆ ಅಂತ ಮದರಾಸಿನಲ್ಲಿ ಪರೀಕ್ಷೆ ಮಾಡಿ ನೋಡ್ತಾ ಇದ್ದಾರೆ. ಆದರೆ ವರ್ಷವಿಡೀ ಒಂದು ದಿನವೂ ಬಿಡಬಾರದು. ಮಗುವನ್ನ ಸದ್ಯಕ್ಕೆ ಎತ್ಕೋಬಾರದು." ಕೊನೆಯ ಮಾತಿಗೆ ದಾದಿ ತಲೆ ಎತ್ತಿ ನೋಡಿದರು. ಬೇರೆ ಯಾವುದಕ್ಕೂ ಅವರು ಅಷ್ಟು ಕುಗ್ಗಲಿಲ್ಲ.

ಅವರಿಗೆ ಹಿತ್ತಿಲ ಕಡೆ ಕಿಟಕಿ ಇದ್ದ ಕೋಣೆ ಕೊಟ್ಟರು. ಊರಲ್ಲಿದ್ದ ಕಾಂಪೌಂಡರೊಬ್ಬರು ಬಂದು ಇಂಜೆಕ್ಷನ್ ಕೊಡುತ್ತಿದ್ದರು. ಮಾತ್ರೆ ಕೊಡುವ ಜವಾಬ್ದಾರಿಯನ್ನು ಜುಬೇದಾ ವಹಿಸಿಕೊಂಡಳು. ಇದೆಲ್ಲ ಶಿವಮೊಗ್ಗಕ್ಕೆ ತಿಳಿಯದೆ ಇರುತ್ತದೆಯೇ? ದೀಪಾವಳಿಯ ಹೊತ್ತಿಗೆ ಅಮೀನಾಬಿ ಬಸ್ಸು ಹತ್ತಿ ಬಂದೇಬಿಟ್ಟರು. ಅವತ್ತು ದಾದಿಯನ್ನು ನೋಡಲು ನಾನೂ ಆ ಮನೆಗೆ ಹೋಗಿದ್ದೆ.

ಅಮೀನಾಬಿ ಗಂಡನನ್ನು ಕಳೆದುಕೊಂಡ ಮೇಲೆ ಒಬ್ಬರೇ ಅಂಗಡಿ ನಡೆಸಿ ಮಗನನ್ನು ಸಾಕಿದವರು. ದನಿ ಏರಿಸುವ ಹೆಂಗಸಲ್ಲ. ಕುರ್ಚಿಯ ಮೇಲೆ ನೆಟ್ಟಗೆ ಕೂತು, ಚಹಾ ಮುಟ್ಟದೆ ಹೇಳಿದರು.

"ಖಾದರ್ ಭಾಯ್, ಬೇಜಾರು ಮಾಡ್ಕೋಬೇಡಿ. ಹುಡುಗಿ ಒಳ್ಳೆಯವಳು, ನನಗೂ ಇಷ್ಟ. ಆದರೆ ಮನೇಲಿ ಕ್ಷಯ, ಹುಡುಗಿ ಕೈ ಮೇಲೆ ಅದರದೇ ಮೊಹರು. ನನಗಿರೋನು ಒಬ್ಬನೇ ಮಗ. ಈ ಮಾತು ಇಲ್ಲಿಗೆ ಬಿಡೋಣ."

ಕೋಣೆಯ ಬಾಗಿಲಿನಿಂದ ದಾದಿ ಅಂದರು, "ರೋಗ ಇರೋದು ನನಗೆ. ಅವಳಿಗಲ್ಲ."

"ನೀವು ಹಿರಿಯರು, ನಿಮಗೆ ಎದುರು ಮಾತಾಡಲ್ಲ" ಎಂದು ಅಮೀನಾಬಿ ತಲೆ ತಗ್ಗಿಸಿದರು, ಆದರೆ ಎದ್ದು ನಿಂತರು.

ನನಗೆ ತಡೆಯಲಾಗಲಿಲ್ಲ. ಅವರ ಮುಂದೆ ಹೋಗಿ ನನ್ನ ರವಿಕೆಯ ತೋಳು ಮೇಲೆ ಸರಿಸಿ ಮುಂಗೈ ತೋರಿಸಿದೆ. ತರಬೇತಿಯ ಕಾಲದಲ್ಲಿ ಹಾಕಿದ್ದ ಪರೀಕ್ಷೆಯ ಕಂದು ಕಲೆ ಅಲ್ಲಿ ಇನ್ನೂ ಉಳಿದಿತ್ತು. "ನನಗೂ ಹಿಂಗೇ ಊದಿತ್ತು ಅಮ್ಮ. ನಮ್ಮಮ್ಮ ಕ್ಷಯದಲ್ಲೇ ಹೋದ್ರು. ನಾನು ಚಿಕ್ಕವಳು, ಅವರ ತೊಡೆ ಮೇಲೇ ಇರ್ತಿದ್ದೆ. ನಾನು ಈಗ ಹೆಂಗಿದ್ದೀನಿ ನೋಡಿ."

ಈ ಮಾತನ್ನು ನಾನು ಅದಕ್ಕೆ ಮೊದಲು ಯಾರಿಗೂ ಹೇಳಿರಲಿಲ್ಲ. ಅಮ್ಮ ವಿಷಮಜ್ವರದಿಂದ ಹೋದಳೆಂದೇ ನಮ್ಮಪ್ಪ ಊರಿಗೆಲ್ಲ ಹೇಳಿದ್ದರು. ಮಗಳಿಗೆ ಗಂಡು ಸಿಗಬೇಕಲ್ಲ. ಅಮೀನಾಬಿ ನನ್ನ ಕೈಯನ್ನೂ ಮುಖವನ್ನೂ ನೋಡಿದರು. ಕರಗಲಿಲ್ಲ. "ನೀವು ಸರ್ಕಾರದವರು. ನಿಮ್ಮ ಔಷಧೀನ ನೀವು ಬಿಟ್ಕೊಡ್ತೀರಾ?" ಅಂದರು.

ಆಗ ಪರದೆಯ ಹಿಂದಿನಿಂದ ಜುಬೇದಾಳ ದನಿ ಬಂತು. ಒಂದೊಂದು ಮಾತೂ ಸ್ಪಷ್ಟವಾಗಿತ್ತು.

"ಖಾಲಾ, ನಿಮ್ಮ ಕೈಗೂ ಹಾಕಿಸ್ಕೊಳ್ಳಿ. ನಿಮಗೆ ಊದಲಿಲ್ಲ ಅಂದ್ರೆ ಈ ಮದುವೆ ಬೇಡ ಅಂತ ನಾನೇ ಹೇಳ್ತೀನಿ. ಚಾಚಾನ ಮೇಲೆ ಮಾತು ಬರಲ್ಲ."

ಖಾದರಣ್ಣ "ಜುಬೇದಾ" ಎಂದು ಗದರಿದರು. ಅಮೀನಾಬಿ ಪರದೆಯ ಕಡೆ ಸ್ವಲ್ಪ ಹೊತ್ತು ನೋಡಿ, ಮತ್ತೆ ಕೂತು, ಎಡಗೈಯ ಬಳೆಗಳನ್ನು ಒಂದೊಂದಾಗಿ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. "ಹಾಕಿ ಸಿಸ್ಟರ್" ಅಂದರು.

ಸೂಜಿ ಕಾಯಿಸಿ, ಆರಿಸಿ, ಅವರ ಮುಂಗೈಗೆ ಔಷಧಿ ಹಾಕಿದೆ. ಸಂಜೆ ಡಾಕ್ಟರರಿಗೆ ಹೇಳಿದಾಗ ಅವರು ಕಾಫಿಯ ಲೋಟ ಕೆಳಗಿಟ್ಟರು. "ಬಜಾರಿನಲ್ಲಿ ಇಷ್ಟು ವರ್ಷ ಜನರ ಮಧ್ಯೆ ಕೂತವರಿಗೆ ಊದೋದೇ ಜಾಸ್ತಿ. ಆದರೆ ಎಲ್ಲರಿಗೂ ಊದಲೇಬೇಕು ಅಂತಿಲ್ಲ ಗಿರಿಜಾ. ಊದದೇ ಹೋದರೆ?" ಆ ಹುಡುಗಿ ತನ್ನ ಬದುಕನ್ನೇ ಪಣಕ್ಕಿಟ್ಟಿದ್ದಳು.

ಮೂರನೆಯ ದಿನ ಬಳೆ ಅಂಗಡಿಗೆ ನಾನೊಬ್ಬಳೇ ಹೋದೆ. ಗಿರಾಕಿಗಳಿದ್ದರು. ಅಮೀನಾಬಿ ನನ್ನನ್ನು ಕಂಡೂ ಕಾಣದವರಂತೆ ಒಬ್ಬಳ ಕೈಗೆ ಬಳೆ ಏರಿಸುವುದನ್ನು ಮುಗಿಸಿ, ಅವರನ್ನೆಲ್ಲ ಕಳಿಸಿ, ಅಂಗಡಿಯ ಅರ್ಧ ಬಾಗಿಲು ಎಳೆದರು. ಆಮೇಲೆ ಸೆರಗಿನಡಿಯಿಂದ ಎಡಗೈ ಹೊರಗೆ ತೆಗೆದರು. ಒಂದು ಬಳೆಯೂ ಇರಲಿಲ್ಲ, ತೊಡಲು ಆಗುತ್ತಿರಲಿಲ್ಲ. ಮುಂಗೈ ಕೆಂಪಗೆ ಊದಿ ಗಟ್ಟಿಯಾಗಿತ್ತು. ನಾನು ಬೆರಳಿನಿಂದ ಮುಟ್ಟಿ ನೋಡಿದೆ.

"ಹಂಗಾದ್ರೆ ನನಗೂ ರೋಗಾನಾ?" ಎಂದು ಕೇಳಿದಾಗ ಅವರ ಗಟ್ಟಿತನವೆಲ್ಲ ಕರಗಿಹೋಗಿತ್ತು.

ಅವರನ್ನು ನೇರ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಎಕ್ಸ್-ರೇ ಆಯಿತು. ಎದೆ ಶುದ್ಧವಾಗಿತ್ತು. ಅಷ್ಟು ಹೇಳಿ ಕಳಿಸಬಹುದಿತ್ತು. ಡಾಕ್ಟರು ಹಾಗೆ ಮಾಡಲಿಲ್ಲ. ಹಿಂದಿನ ಜಗಲಿಗೆ ಕರೆದೊಯ್ದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. ಜುಬೇದಾಳ ಒಪ್ಪಿಗೆ ಕೇಳಿ ಅವಳ ಕೈಯ ಗುಳ್ಳೆಯಿಂದ ತೆಗೆದಿದ್ದ ಒಂದು ಹನಿಯನ್ನು ಅವರು ಬಣ್ಣ ಹಾಕಿ ಇಟ್ಟಿದ್ದರು. ಅಮೀನಾಬಿ ಒಂದು ಕಣ್ಣು ಮುಚ್ಚಿ ಬಗ್ಗಿದರು.

"ಸಣ್ಣ ಸಣ್ಣ ನೀಲಿ ಮಣಿ ಇದ್ದಂಗಿವೆ."

"ಅವು ಬಿಳಿ ರಕ್ತಕಣ. ಬಣ್ಣ ನಾವು ಹಾಕಿದ್ದು. ಹುಡುಗಿಯ ಕೈಯಲ್ಲಿ ಆ ಕ್ರಿಮಿಯ ಸಾರ ಬಿದ್ದಾಗ, ಇದನ್ನ ಹಿಂದೆ ಎಲ್ಲೋ ನೋಡಿದ್ದೀವಿ ಅಂತ ಗುರುತು ಹಿಡಿದು ಇವು ಗುಂಪುಗೂಡಿವೆ. ಅದೇ ಊತ. ನಿಮ್ಮ ಕೈಯಲ್ಲೂ ಈಗ ಅದೇ ಆಗಿರೋದು."

ಅಮೀನಾಬಿ ಕಣ್ಣು ತೆಗೆಯದೆ ಬಹಳ ಹೊತ್ತು ನೋಡಿದರು. ಆಮೇಲೆ ತಲೆ ಎತ್ತದೆಯೇ ಅಂದರು, "ಒಂದ್ ಸಲ ನನ್ ಹತ್ರ ಬಳೆ ಇಡಿಸ್ಕೊಂಡ ಕೈ ನಾನು ಮರೆಯಲ್ಲ ಡಾಕ್ಟರ್ ಸಾಬ್. ಎಷ್ಟೋ ವರ್ಷ ಬಿಟ್ಟು ಬಂದ್ರೂ ಅಳತೆ ಕೇಳಲ್ಲ. ಕೈ ನೋಡಿದ ಕೂಡ್ಲೇ ಸರಿಯಾದ ಡಬ್ಬಾನೇ ತೆಗೀತೀನಿ. ಇವೂ ಹಂಗೇನಾ?"

"ಹಂಗೇ ಇರಬೇಕು ಅಂತ ನನ್ನ ನಂಬಿಕೆ. ಸಾಬೀತು ಮಾಡೋದು ಇನ್ನೂ ಬಾಕಿ ಇದೆ. ಒಂದು ಮಾತು ಮಾತ್ರ ಮುಚ್ಚಿಡಲ್ಲ. ಮುಂದೆ ಕಾಯಿಲೆ ಬರೋದೇ ಇಲ್ಲ ಅಂತ ನಾನು ಮಾತು ಕೊಡೋಕೆ ಆಗಲ್ಲ. ಜುಬೇದಾಗೂ ಇಲ್ಲ, ನಿಮಗೂ ಇಲ್ಲ. ಕೆಮ್ಮು ಬಂದ್ರೆ ಬಚ್ಚಿಡದೆ ನನ್ನ ಹತ್ರ ಬರಬೇಕು."

"ಅಂದ್ರೆ ನಾನೂ ಅವಳೂ ಒಂದೇ."

"ಒಂದೇ."

ಅಮೀನಾಬಿ ಎದ್ದು ಸೆರಗು ಸರಿ ಮಾಡಿಕೊಂಡರು. ಹೊರಡುವಾಗ ನನ್ನ ಕಡೆ ತಿರುಗಿ, "ಆ ಹುಡುಗಿಗೆ ಹೇಳಿ, ಬಾಯಿ ಜೋರು. ಅಂಗಡೀಲಿ ಕೂರಿಸೋಕೆ ಅಂಥವಳೇ ಬೇಕು" ಅಂದರು. ನಾನು ಬಾಗಿಲ ಹಿಂದೆ ನಿಂತು ಅತ್ತೆ. ಡಾಕ್ಟರು ನೋಡದವರಂತೆ ಮೈಕ್ರೋಸ್ಕೋಪಿನ ಗಾಜು ಒರೆಸುತ್ತಾ ಕೂತಿದ್ದರು.

ಭದ್ರಾವತಿಯಲ್ಲಿ ಆಡಿದ ಮಾತು ನನಗಿಂತ ಬೇಗ ನಮ್ಮ ಮನೆ ಸೇರಿತು. ನಮ್ಮಪ್ಪ ಶಿವಮೊಗ್ಗದಲ್ಲಿ ಜವಳಿ ಅಂಗಡಿಯವರು. ಅಂಗಡಿಗೆ ಬಂದ ಯಾರೋ, "ನಿಮ್ಮ ಯಜಮಾನ್ತಿಗೆ ಕ್ಷಯ ಇತ್ತಂತೆ ಹೌದಾ?" ಎಂದು ಕೇಳಿದರಂತೆ. ಅವತ್ತು ಅಪ್ಪ ಊಟಕ್ಕೆ ಕೂತು ನನ್ನ ಮುಖ ನೋಡಲಿಲ್ಲ. ನಾನೇ ಹೇಳಿದೆ, ಯಾಕೆ ಹೇಳಬೇಕಾಯಿತು, ಯಾರ ಮುಂದೆ, ಆಮೇಲೆ ಏನಾಯಿತು ಎಂದು. ಅವರು ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಇದ್ದರು.

"ನಿನಗೆ ನೋಡಿದ್ದ ಗಂಡಿನ ಕಡೆಯವರು ಇನ್ನು ಬರಲಿಕ್ಕಿಲ್ಲ" ಅಂದರು ಕೊನೆಗೆ.

"ಬರದಿದ್ರೆ ಬೇಡ ಅಪ್ಪ."

ಅಪ್ಪ ತಟ್ಟೆ ಸರಿಸಿ ಅಂದರು, "ನಿಮ್ಮಮ್ಮ ಇದ್ದಿದ್ರೆ ನಿನಗಿಂತ ಮೊದಲೇ ಹೇಳ್ತಿದ್ಲು. ಅವಳಿಗೆ ಮುಚ್ಚಿಡೋದು ಬರ್ತಿರಲಿಲ್ಲ. ಅದನ್ನೆಲ್ಲ ಮಾಡಿದ್ದು ನಾನು." ಅಷ್ಟು ವರ್ಷಗಳ ಮೇಲೆ ಅವತ್ತು ಅಪ್ಪ ಅಮ್ಮನ ಬಗ್ಗೆ ಮಾತಾಡಿದರು. ಅವಳು ಹೇಗೆ ನಗುತ್ತಿದ್ದಳು, ಕಡೆಯ ತಿಂಗಳುಗಳಲ್ಲಿ ನನ್ನನ್ನು ಹತ್ತಿರ ಕರೆಯಲು ಹೇಗೆ ಹೆದರುತ್ತಿದ್ದಳು, ನಾನು ಹೇಗೆ ಕೇಳದೆ ನುಗ್ಗುತ್ತಿದ್ದೆ. ನನಗೆ ಅದೆಲ್ಲ ಗೊತ್ತೇ ಇರಲಿಲ್ಲ. ನೋಡಿದ್ದ ಗಂಡಿನ ಕಡೆಯವರು ಬರಲಿಲ್ಲ, ನಿಜ. ಎರಡು ವರ್ಷ ಕಳೆದು ಬಂದವರು ಎಲ್ಲ ತಿಳಿದೇ ಬಂದರು. ಅವರ ಜೊತೆ ಬಾಳುವೆ ಚೆನ್ನಾಗಿಯೇ ನಡೆಯಿತು.

ಓಲ್ಡ್ ಟೌನಿನ ಮಂದಿಯ ಮನಸ್ಸನ್ನು ತಿರುಗಿಸಿದ್ದು ನಮ್ಮ ವಿವರಣೆಯಲ್ಲ, ಅಮೀನಾಬಿಯ ಕೈ. ಅವರು ಊತ ಇಳಿಯುವ ಮೊದಲೇ ಇನ್ನೊಂದು ಸಲ ಬಂದು, ಓಣಿಯ ಒಂದೊಂದು ಮನೆಗೂ ಹೋಗಿ ತೋಳು ಎತ್ತಿ ತೋರಿಸಿದರು. "ನೋಡಿ, ನನಗೂ ಬಂದಿದೆ. ಸತ್ತಿದ್ದೀನಾ?" ಅಂದರು. ನಾವು ಮತ್ತೆ ಹೋದಾಗ ಬಾಗಿಲುಗಳು ಪೂರ್ತಿ ತೆರೆದಿದ್ದವು. ಊದಿದ ಕೈಯವರು ತಮ್ಮ ತಮ್ಮಲ್ಲೇ ಯಾರದು ದೊಡ್ಡದು ಎಂದು ಹೋಲಿಸಿ ನೋಡುವಷ್ಟು ಸಲಿಗೆ ಬಂದಿತ್ತು. ಊದದ ಮಕ್ಕಳು ಲಸಿಕೆಗೆ ಸಾಲಿನಲ್ಲಿ ನಿಂತು ತಳ್ಳಾಡುತ್ತಿದ್ದವು. ದೊಡ್ಡ ಊತದ ಒಂದೊಂದು ಮಗುವಿನ ಮನೆಯಲ್ಲೂ ಡಾಕ್ಟರು ಅದೇ ಪ್ರಶ್ನೆ ಕೇಳುತ್ತಿದ್ದರು, ಮನೇಲಿ ಯಾರು ಕೆಮ್ತಾರೆ? ಹಾಗೆ ಇನ್ನೂ ಕೆಲವರು ಸಿಕ್ಕರು. ದಾದಿಗೆ ಮನೆಯಲ್ಲೇ ಔಷಧಿ ನಡೆಯುತ್ತಿದ್ದುದನ್ನು ಕಂಡಿದ್ದರಿಂದ ಅವರು ಓಡಿಹೋಗಲಿಲ್ಲ.

ಚಳಿ ಬಿಡುವ ಮೊದಲು ಜುಬೇದಾಳ ಮದುವೆಯಾಯಿತು. ಡಾಕ್ಟರು ಕೋಟು ಹಾಕಿಕೊಂಡು ಬಂದಿದ್ದರು. ಅಪ್ಪನೂ ಬಂದು ಒಂದು ರೇಷ್ಮೆಯ ರವಿಕೆ ಕಣ ಕೊಟ್ಟರು. ದಾದಿ ಚಪ್ಪರದೊಳಗೆ ಬರಲು ಒಪ್ಪಲಿಲ್ಲ. ಎದುರು ಮನೆಯ ಜಗಲಿಯಲ್ಲಿ ಬಾಯಿಗೆ ಬಟ್ಟೆ ಹಿಡಿದು ಕೂತು ಎಲ್ಲ ನೋಡಿದರು. ಹೊರಡುವಾಗ ಜುಬೇದಾ ಅಲ್ಲಿಗೇ ಹೋಗಿ ನಿಂತಳು. "ಹತ್ತಿರ ಬರಬೇಡ ಬೇಟಿ" ಅಂದರು ದಾದಿ. "ಊದೋದೆಲ್ಲ ಊದಿ ಆಯ್ತಲ್ಲ ದಾದಿ" ಎಂದು ಅವಳು ನಗುತ್ತಾ ಅಳುತ್ತಾ ಅವರ ಕಾಲು ಹಿಡಿದುಕೊಂಡಳು. ಮಾತ್ರೆ ಕೊಡುವ ಕೆಲಸವನ್ನು ಚಿಕ್ಕಮ್ಮನಿಗೆ ಒಪ್ಪಿಸಿ ಹೋದಳು. ಹೋದ ಮೇಲೂ ಬಸ್ಸಿನವರ ಕೈಲಿ ಹೇಳಿ ಕಳಿಸುತ್ತಿದ್ದಳು, ದಾದಿ ಮಾತ್ರೆ ನುಂಗಿದ್ರಾ ಎಂದು.

ಆ ಮಾತ್ರೆಗಳಲ್ಲಿ ಒಂದು ಬಗೆಯದು ದಪ್ಪ, ಕಹಿ, ಹೊಟ್ಟೆ ತೊಳಸುವಂಥದ್ದು. ಬೇಸಿಗೆಯಲ್ಲಿ ಒಂದು ಸಲ ದಾದಿ, "ಸಾಕು ಸಿಸ್ಟರಮ್ಮ, ಕೆಮ್ಮು ಹೋಯ್ತಲ್ಲ, ಬಿಟ್ಬಿಡ್ತೀನಿ" ಅಂದರು. ನಾನು ಕಿಟಕಿಯ ಕಡೆ ಕೈ ತೋರಿಸಿದೆ. ಅಂಗಳದಲ್ಲಿ ಮಗು ಗೋಡೆ ಹಿಡಿದು ಹೆಜ್ಜೆ ಇಡುತ್ತಿತ್ತು. ಅವರು ನೀರಿನ ಲೋಟಕ್ಕೆ ಕೈ ಚಾಚಿದರು.

ಡಾಕ್ಟರು ಆ ವರ್ಷ ಸಂಜೆಗಳನ್ನು ಜಗಲಿಯಲ್ಲೇ ಕಳೆದರು. ಹೊಸದೇನೂ ಕಂಡುಹಿಡಿಯಲಿಲ್ಲ. ನಮ್ಮಂಥ ಊರಿನಲ್ಲಿ ಒಂದು ಮೈಕ್ರೋಸ್ಕೋಪಿನಿಂದ ಏನು ತಾನೇ ಸಾಧ್ಯ? ಬಹಳ ವರ್ಷಗಳ ಮೇಲೆ, ಆ ಚಿಕ್ಕ ದುಂಡನೆಯ ಕಣಗಳೇ ಗುರುತು ಇಟ್ಟುಕೊಳ್ಳುವವು ಎಂದು ಬೇರೆ ದೇಶಗಳಲ್ಲಿ ಸಾಬೀತಾಯಿತು. ಆಗ ನಿವೃತ್ತರಾಗಿದ್ದ ಡಾಕ್ಟರರನ್ನು ಭೇಟಿಯಾದಾಗ ಕೇಳಿದೆ, "ಬೇಜಾರಾಗಲಿಲ್ವಾ ಸಾರ್, ನಿಮಗೆ ಮೊದಲೇ ಅನ್ನಿಸಿತ್ತಲ್ಲ?" "ಬೇಜಾರಾ? ಸರಿಯಾಗಿ ಅನ್ನಿಸಿತ್ತು ಅಂತ ಗೊತ್ತಾಯ್ತಲ್ಲ ಗಿರಿಜಾ, ಅವತ್ತು ಎರಡು ಲೋಟ ಕಾಫಿ ಕುಡಿದೆ" ಅಂದರು.

ಆ ವರ್ಷದ ಕೊನೆ ಹೇಳಿ ಮುಗಿಸುತ್ತೇನೆ. ಇನ್ನೊಂದು ಮಳೆಗಾಲ ಬಂದು ಹೋಗಿ, ಭದ್ರೆ ತುಂಬಿ ಇಳಿದಿದ್ದಳು. ದಾದಿಯ ಕಫವನ್ನು ಡಾಕ್ಟರು ತಿಂಗಳು ತಿಂಗಳೂ ನೋಡುತ್ತಿದ್ದರು. ಕೆಂಪು ಕಡ್ಡಿಗಳು ಕಡಿಮೆಯಾಗಿ, ಅಪರೂಪವಾಗಿ, ಆಮೇಲೆ ಕಾಣದೇ ಹೋಗಿದ್ದವು. ಆದರೂ ಅವರು ಮತ್ತೆ ಮತ್ತೆ ನೋಡಿ, ಎಕ್ಸ್-ರೇ ತೆಗೆಸಿ, ಒಂದು ಬೆಳಗ್ಗೆ ತಾವೇ ಜೀಪು ಹತ್ತಿ ಓಲ್ಡ್ ಟೌನಿಗೆ ಬಂದರು. ಜುಬೇದಾ ಅತ್ತೆಯ ಜೊತೆ ಬಂದಿದ್ದಳು. ಅಮೀನಾಬಿ ಎಲ್ಲರಿಗಿಂತ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಗುಣ ಆಯ್ತಮ್ಮ" ಅಂದರು ಡಾಕ್ಟರು.

ದಾದಿ ಕೈ ಮುಗಿಯಲಿಲ್ಲ, ಅಳಲಿಲ್ಲ. "ಹಂಗಾದ್ರೆ ಮಗೂನ ಎತ್ಕೋಬಹುದಾ?" ಎಂದು ಕೇಳಿದರು.

"ಎತ್ಕೊಳ್ಳಿ."

ಖಾದರಣ್ಣ ಮಗನನ್ನು ತಂದು ತಾಯಿಯ ಮಡಿಲಿಗೆ ಹಾಕಿದರು. ಅವನಿಗೆ ಆಗ ಒಂದು ವರ್ಷ ದಾಟಿತ್ತು. ಬುದ್ಧಿ ಬಂದಾಗಿನಿಂದ ಆಕೆಯನ್ನು ಕಿಟಕಿಯ ಆಚೆ ಮಾತ್ರ ಕಂಡಿದ್ದ. ಮುಖ ನೋಡಿದವನೇ ಬಾಯಿ ಬಿಟ್ಟು ಕಿರುಚತೊಡಗಿದ. ಕೈಕಾಲು ಬಡಿದ, ಅಮ್ಮನ ಕಡೆ ಕೈ ಚಾಚಿದ. ಖಾದರಣ್ಣನ ಹೆಂಡತಿ ಎದ್ದು ಎತ್ತಿಕೊಳ್ಳಲು ಬಂದರು. ನಮಗೆಲ್ಲ ಪೆಚ್ಚೆನಿಸಿತು.

ದಾದಿ ಕೊಡಲಿಲ್ಲ. "ಅಳಲಿ ಬಿಡು. ಅವನಿಗೆ ನಾನು ಹೊಸಬಳು" ಅಂದರು. ಮಗುವನ್ನು ಎದೆಗೆ ಒತ್ತಿಕೊಂಡು, ಅವನ ಕಿರುಚಾಟಕ್ಕೆ ಸ್ವಲ್ಪವೂ ಗಡಿಬಿಡಿ ಮಾಡದೆ, ಅಂಗಳದಲ್ಲಿ ಈ ತುದಿಯಿಂದ ಆ ತುದಿಗೆ ನಡೆದಾಡತೊಡಗಿದರು. ಚಹಾ ಬಂತು, ಕುಡಿದಾಯಿತು. ಅವರು ನಡೆಯುತ್ತಲೇ ಇದ್ದರು. ಅಳು ಬಿಕ್ಕಾಯಿತು, ಬಿಕ್ಕು ನಿಂತಿತು. ನಾವು ಹೊರಡಲು ಎದ್ದಾಗ ಮಗು ದಾದಿಯ ಭುಜದ ಮೇಲೆ ಕೆನ್ನೆ ಇಟ್ಟು, ಅವರ ಕಿವಿಯ ಹಾಲೆಯನ್ನು ಬೆರಳಲ್ಲಿ ಹಿಡಿದುಕೊಂಡು ನಿದ್ದೆ ಹೋಗಿತ್ತು. ದಾದಿ ನಮ್ಮ ಕಡೆ ನೋಡಿ, ಮಾತಾಡಬೇಡಿ ಎಂದು ತುಟಿಯ ಮೇಲೆ ಬೆರಳಿಟ್ಟರು.